ಕನ್ನಡಿಯೂ ಬೇಕು, ಬೋರ್ಡೂ ಕಾಣಬೇಕು

ಊರ ಹೊರಗೆ ಬಸ್ಸು ಹೇಗೋ ಓಡುತ್ತದೆ. ಊರೊಳಗೆ ಬಂದ ಕೂಡಲೇ ತಡವರಿಸುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ಹೊರಳಿಸಿದರೆ ಪರದೆಯ ಮೇಲಿನ ಚಿತ್ರ ಅರೆಕ್ಷಣ ನಿಂತುಬಿಡುತ್ತದೆ, ಆಮೇಲೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಅಷ್ಟರಲ್ಲಿ ಬಸ್ಸು ರಸ್ತೆ ಬಿಟ್ಟು ಯಾವುದೋ ಕಲ್ಲಿನ ಗೋಡೆಗೆ ಒರಗಿರುತ್ತದೆ. “ಊರು ಬಂದ್ ಕೂಡ್ಲೇ ಜಗ್ಗಂಗಿಲ್ಲ ನೋಡಪ ಇದು,” ಅನ್ನುತ್ತಾನೆ ಅಪ್ಪ. ಅರೆಕ್ಷಣದ ಈ ತಡೆ ಪಕ್ಕದಲ್ಲಿ ಕೂತು ನೋಡುವವರಿಗೆ ಏನೂ ಅನ್ನಿಸುವುದಿಲ್ಲ. ಆಯುಷ್ಯದ ಬಹುಪಾಲು ಬಸ್ಸು ಓಡಿಸಿದ ಕೈಗೆ ಅದು ಸಹಿಸದ ಕಿರಿಕಿರಿ. ಕೈ ಒಂದು ಹೇಳಿದಾಗ ಗಾಡಿ ಇನ್ನೊಂದು ಮಾಡಬಾರದು ಎಂದು ನಂಬಿ ಬದುಕಿದವನು ಅವನು. ಅವನ ಆ ಕಿರಿಕಿರಿ ನನ್ನದೂ ಆಯಿತು. ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹುಡುಕುವ ಕೆಲಸ ಶುರುವಾದದ್ದು ಹೀಗೆ.

ಅಪ್ಪ ಆರ್‌ಟಿಸಿ ಡ್ರೈವರ್. ತೆಲಂಗಾಣದ ನಾರಾಯಣಪೇಟೆ ಡಿಪೋ. ಮಕ್ತಲ್, ಕೃಷ್ಣಾ, ರಾಯಚೂರು ಅವನ ದಾರಿ; ಒಮ್ಮೊಮ್ಮೆ ಅಮರಚಿಂತ, ಆತ್ಮಕೂರಿನ ಮೇಲಿಂದ ಜುರಾಲಾ ಅಣೆಕಟ್ಟು ದಾಟಿ ಗದ್ವಾಲ್. ಕೃಷ್ಣೆಯ ಎರಡೂ ದಂಡೆಗಳಲ್ಲಿ ನಮ್ಮಂಥ ಕನ್ನಡದ ಮನೆಗಳು ತಲೆಮಾರುಗಳಿಂದ ಇವೆ. ಕೃಷ್ಣಾ ಮಂಡಲದಲ್ಲಿ ಇವತ್ತಿಗೂ ಸರ್ಕಾರಿ ಕನ್ನಡ ಶಾಲೆಗಳು ನಡೆಯುತ್ತವೆ. ಅಪ್ಪನ ಬಸ್ಸಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸೀಟಿನಲ್ಲಿ ಕೂತು ಬರುತ್ತಿದ್ದವು. ನಾವು ಹುಟ್ಟಿ ಬೆಳೆದಾಗ ರಾಯಚೂರು ಬಿಟ್ಟು ಇದೆಲ್ಲ ಮಹಬೂಬ್‌ನಗರ ಜಿಲ್ಲೆ. 2016ರಲ್ಲಿ ಗದ್ವಾಲ್ ಬೇರೆ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆಯೂ ಆಯಿತು. ಬಸ್ಸಿನ ದಾರಿ ಮಾತ್ರ ಇದ್ದ ಹಾಗೇ ಇತ್ತು. ನಿವೃತ್ತನಾಗಿ ಮಕ್ತಲ್‌ನ ಮನೆಗೆ ಬಂದು ಕೂತ ಮೇಲೆ ಅಪ್ಪನಿಗೆ ಮೊಣಕಾಲು ಹಿಡಿದುಕೊಂಡಿತು. ನಡೆಯುವುದು ಕಡಿಮೆಯಾಯಿತು. 167ನೇ ರಾಷ್ಟ್ರೀಯ ಹೆದ್ದಾರಿ ನಮ್ಮ ಊರಿನ ಮೂಲಕವೇ ಹೋಗುತ್ತದೆ. ರಾತ್ರಿ ಅಂಗಳದ ಮಂಚದ ಮೇಲೆ ಮಲಗಿ ಲಾರಿಗಳ ಸದ್ದು ಕೇಳುತ್ತ, “ಇದು ಲೋಡ್ ಗಾಡಿ, ಗೇರ್ ತಡ ಮಾಡಿ ಹಾಕಿದ,” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಕೇಳುವ ನಮಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಕಂಪ್ಯೂಟರ್ ನನ್ನ ತಮ್ಮನದು. ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುವಾಗ, 2016ರಲ್ಲಿ, ಸಿಕಂದರಾಬಾದಿನ ಚೆನೋಯ್ ಟ್ರೇಡ್ ಸೆಂಟರಿನಲ್ಲಿ ಒಂದೊಂದೇ ಭಾಗ ಕೊಂಡು ಕಟ್ಟಿಸಿದ್ದ. ಆ ಮಳಿಗೆಗೆ ಎಲ್ಲರೂ ಸಿಟಿಸಿ ಅನ್ನುತ್ತಾರೆ. ತೆಲಂಗಾಣದ ಮೂಲೆಮೂಲೆಯ ಹುಡುಗರು ಕಂಪ್ಯೂಟರ್ ಸಾಮಾನಿಗೆ ಅಲ್ಲಿಗೇ ಹೋಗುತ್ತಾರೆ, ಬೆಂಗಳೂರಿನವರು ಎಸ್‌ಪಿ ರೋಡಿಗೆ ಹೋದ ಹಾಗೆ. ಕೋರ್ ಐ5-6500 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎನ್ವಿಡಿಯಾದ ಜಿಟಿಎಕ್ಸ್ 750 ಟಿಐ ಕಾರ್ಡ್. ಆ ಕಾಲಕ್ಕೆ ಹಾಸ್ಟೆಲಿನ ರೂಮು ತುಂಬ ಜನ ಸೇರುವಂಥ ಗೇಮಿಂಗ್ ಪೆಟ್ಟಿಗೆ ಅದು.

ತಮ್ಮನಿಗೆ ಈ ಹುಚ್ಚು ಹಿಡಿದದ್ದು ಅದಕ್ಕೂ ಬಹಳ ಮೊದಲು, ನಾರಾಯಣಪೇಟೆಯ ಒಂದು ನೆಟ್ ಸೆಂಟರಿನಲ್ಲಿ. ಅಪ್ಪನ ಡ್ಯೂಟಿ ಮುಗಿಯುವವರೆಗೆ ನಾವಿಬ್ಬರೂ ಅಲ್ಲಿ ಕಾಯುತ್ತಿದ್ದೆವು. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟವನು ಕುರ್ಚಿಯಲ್ಲಿ, ಕೊಡದವರು ಅವನ ಬೆನ್ನ ಹಿಂದೆ. ರೋಡ್ ರ‍್ಯಾಶ್‌ನ ಮೋಟಾರ್ ಸೈಕಲ್ಲು, ವೈಸ್ ಸಿಟಿಯ ಬೀದಿಗಳು. ಆಡುವವನಿಗಿಂತ ಹಿಂದೆ ನಿಂತವರಿಗೇ ಹೆಚ್ಚು ಗೊತ್ತಿರುತ್ತಿತ್ತು. “ಎಡಕ್ಕ ಹೊರಳಸೋ, ಪೊಲೀಸ್ ಬಂದ!” ಎಂದು ಎಲ್ಲರೂ ಒಟ್ಟಿಗೆ ಕೂಗುವುದು. ಆ ಕಂಪ್ಯೂಟರುಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡೇ ಇರುತ್ತಿರಲಿಲ್ಲ. ಮಳೆ ಬರುವ ದೃಶ್ಯ ಬಂದರೆ ವೈಸ್ ಸಿಟಿ ನಿಂತು ನಿಂತು ಹೋಗುತ್ತಿತ್ತು. ಆಗ ಸೆಂಟರಿನ ಮಾಲೀಕ ಎದ್ದು ಬಂದು ಸೆಟ್ಟಿಂಗಿನಲ್ಲಿ ಏನೇನೋ ಇಳಿಸಿ ಹೋಗುತ್ತಿದ್ದ. ನಾನು ಆ ಹೊತ್ತಿನಲ್ಲೇ ಮೊದಲ ಸಲ ತಿಳಿದುಕೊಂಡೆ: ಪರದೆಯ ಮೇಲೆ ಕಾಣುವುದೆಲ್ಲ ಯಾರೋ ಒಳಗೆ ಕೂತು ಆ ಕ್ಷಣದಲ್ಲೇ ಬರೆಯುತ್ತಿರುವ ಚಿತ್ರ, ಬರೆಯುವವನಿಗೆ ಭಾರವಾದರೆ ನಮಗೆ ತಡವಾಗುತ್ತದೆ.

ಓದು ಮುಗಿಸಿ ತಮ್ಮ ನೌಕರಿಗೆಂದು ಪುಣೆಗೆ ಹೋದ. ಪೆಟ್ಟಿಗೆ ಮಕ್ತಲ್‌ಗೆ ಬಂತು. ಅಪ್ಪನಿಗೆ ಬಸ್ಸಿನ ಆಟ ತೋರಿಸಿದ್ದು ಗದ್ವಾಲಿನ ಅಕ್ಕನ ಮಗ. ಮೊದಲು ಮೊಬೈಲಿನಲ್ಲಿ, ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಆ ಆಟಕ್ಕೆ ನಮ್ಮ ಕಡೆಯ ಬಸ್ಸುಗಳ ಮಾಡ್, ಅಂದರೆ ಆಟಕ್ಕೆ ಸೇರಿಸುವ ಹೊಸ ರೂಪ, ಮಾಡಿ ಹಂಚುವ ಹುಡುಗರು ಕರ್ನಾಟಕ, ಕೇರಳ, ತೆಲಂಗಾಣ ಎಲ್ಲ ಕಡೆ ಇದ್ದಾರೆ. ಅಪ್ಪ ಎರಡು ಬೆರಳಿನಲ್ಲಿ ಹಿಡಿದು ನೋಡಿ, “ಇಷ್ಟು ಸಣ್ಣ ಕಿಟಕಿಯೊಳಗ ರಸ್ತಾ ಹೆಂಗ ಕಾಣ್ಬೇಕು?” ಅಂದ. ಆಮೇಲೆ ತಮ್ಮ ದೀಪಾವಳಿಗೆ ಬಂದಾಗ ಕಂಪ್ಯೂಟರಿಗೆ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿ, ಒಂದು ಸಾದಾ ಸ್ಟೇರಿಂಗ್ ಚಕ್ರ, ಕಾಲಿಗೆ ಪೆಡಲು ಜೋಡಿಸಿ ಕೊಟ್ಟ. ಜೆಕ್ ದೇಶದ ಪ್ರಾಗ್‌ನಲ್ಲಿರುವ ಎಸ್‌ಸಿಎಸ್ ಎಂಬ ಕಂಪನಿ 2012ರಲ್ಲಿ ಹೊರತಂದ ಆಟ ಅದು. ಇಷ್ಟು ವರ್ಷವಾದರೂ ಅವರು ಅದಕ್ಕೆ ಹೊಸ ರಸ್ತೆ, ಹೊಸ ದೇಶ ಸೇರಿಸುತ್ತಲೇ ಇದ್ದಾರೆ. ಅಪ್ಪ ಮಾತ್ರ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಬಿಟ್ಟು ಆಚೆ ಹೋಗುವುದಿಲ್ಲ. ಯೂರೋಪಿನ ಹೆಚ್ಚಿನ ದೇಶಗಳಲ್ಲಿ ಗಾಡಿ ಬಲಕ್ಕೆ ಓಡಿಸಬೇಕು, ಅಲ್ಲಿ ಮಾತ್ರ ನಮ್ಮಂತೆ ಎಡಕ್ಕೆ. ಡೋವರ್ ಬಂದರಿಗೆ ಬಂದು ಸಮುದ್ರ ನೋಡಿ, ಹೊರಳಿಸಿಕೊಂಡು ಲಂಡನ್ನಿನ ಕಡೆ ಹೊರಡುತ್ತಾನೆ.

ತಮ್ಮ ಇನ್ನೊಂದು ಕೆಲಸ ಮಾಡಿದ್ದ. ಯಾರೋ ಮಾಡಿದ್ದ, ಹಳ್ಳಿಗಳಿಗೆ ಓಡುವ ಪಲ್ಲೆವೆಲುಗು ಬಸ್ಸಿನ ಮಾಡ್ ಹುಡುಕಿ, ಅದರ ಮುಂದಿನ ಬೋರ್ಡಿನ ಚಿತ್ರ ತಿದ್ದಿ, ತೆಲುಗಿನಲ್ಲೂ ಕನ್ನಡದಲ್ಲೂ “ನಾರಾಯಣಪೇಟ – ಮಕ್ತಲ್ – ರಾಯಚೂರು” ಎಂದು ಬರೆದು ಪುಣೆಯಿಂದ ಕಳಿಸಿದ. ಅಪ್ಪ ಅದನ್ನು ನೋಡಲು ಕನ್ನಡಕ ಒರೆಸಿಕೊಂಡು ಕೂತ. ಬೋರ್ಡು ಇತ್ತು; ಅಕ್ಷರ ಇರಲಿಲ್ಲ. ಇದ್ದದ್ದು ಹಳದಿ ಮಸಿಯ ಒಂದು ಗೆರೆ. ಕಾರ್ಡಿನ ಮೆಮೊರಿ 2 ಜಿಬಿ ಮಾತ್ರ ಇದ್ದುದರಿಂದ ಟೆಕ್ಸ್ಚರ್, ಅಂದರೆ ವಸ್ತುಗಳ ಮೈಮೇಲಿನ ಚಿತ್ರಗಳ, ಗುಣಮಟ್ಟವನ್ನು ಕೆಳಗಿಳಿಸಿ ಇಟ್ಟಿದ್ದೆವು. ಮೇಲೇರಿಸಿದರೆ ಅಕ್ಷರ ಬರುತ್ತಿತ್ತು, ಬಸ್ಸು ನಿಲ್ಲುತ್ತಿತ್ತು. ತಡವರಿಕೆ ಕಡಿಮೆ ಮಾಡಲು ಕನ್ನಡಿ ತೆಗೆದುಬಿಡೋಣ ಎಂದೆ. ಈ ಆಟದಲ್ಲಿ ಪಕ್ಕದ ಕನ್ನಡಿಯೊಳಗೆ ಕಾಣುವ ರಸ್ತೆಯನ್ನು ಕಂಪ್ಯೂಟರ್ ಬೇರೆಯಾಗಿಯೇ ಇನ್ನೊಮ್ಮೆ ಬರೆಯಬೇಕು. ಅದು ದೊಡ್ಡ ಹೊರೆ. ಅಪ್ಪ ನನ್ನ ಮುಖ ನೋಡಿದ. “ಕನ್ನಡಿ ಇಲ್ದ ಬಸ್ ಓಡಸ್ತಾರೇನಪ? ಹಿಂದ ಯಾರ ಬರ್ತಾರ, ಯಾರ ಇಳೀತಾರ, ಏನ್ ಗೊತ್ತಾಗ್ಬೇಕು?”

ಹಾಗೆ ಬೇಡಿಕೆ ನಿಶ್ಚಯವಾಯಿತು: ಕನ್ನಡಿಯೂ ಬೇಕು, ಬೋರ್ಡೂ ಕಾಣಬೇಕು. ಕಾರ್ಡ್ ಕೊಳ್ಳುವ ಎಷ್ಟೋ ಜನರಿಗೆ ಇಷ್ಟು ಸ್ಪಷ್ಟವಾದ ಬೇಡಿಕೆ ಇರುವುದಿಲ್ಲ. ಯಾವ ಕಾರ್ಡ್ ಹಾಕಲಿ ಎಂದು ಬಾಯಿ ತೆರೆದರೆ ಸಾಕು, ಎಲ್ಲರೂ ನಂಬರ್ ಹೇಳುತ್ತಾರೆ. ಪೆಟ್ಟಿಗೆಯೊಳಗೆ ಏನಿದೆ, ಮಾನಿಟರ್ ಎಷ್ಟು ದೊಡ್ಡದು, ಏನು ಆಡುತ್ತೀರಿ ಎಂದು ಕೇಳುವವರು ಅಪರೂಪ. “ಮಾಮಾ, ಕಣ್ಣು ಮುಚ್ಚಿ 4060 ಹಾಕ್ರಿ,” ಅಂದ ಅಳಿಯ. ತಮ್ಮ, “ಹಳೆ ಪೆಟ್ಟಿಗೆಗೆ ದುಡ್ಡು ಹಾಕೋದು ಬ್ಯಾಡ, ಹೊಸದೇ ಕಟ್ಟಸೋಣು,” ಅಂದ. ಇಬ್ಬರ ಮಾತೂ ಪ್ರೀತಿಯದೇ. ಆದರೆ ನನಗೆ ಮೊದಲು ನೋವು ಎಲ್ಲಿದೆ ಎಂದು ನೋಡಬೇಕಿತ್ತು.

ಅದನ್ನು ನೋಡುವುದು ಕಷ್ಟವಲ್ಲ. ಅಪ್ಪ ಬಸ್ಸು ಓಡಿಸುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆ. ಹೆದ್ದಾರಿಯಲ್ಲಿ ಜಿಪಿಯು, ಅಂದರೆ ಕಾರ್ಡಿನ ಮಿದುಳು, ನೂರಕ್ಕೆ ನೂರು ದುಡಿಯುತ್ತಿತ್ತು, ಅದರ 2 ಜಿಬಿ ಮೆಮೊರಿ ಕಂಠಪೂರ್ತಿ ತುಂಬಿತ್ತು. ಊರೊಳಗೆ ಬಂದಾಗ ಬೇರೆ ಕಥೆ: ಜಿಪಿಯು ಸ್ವಲ್ಪ ಬಿಡುವಾಗುತ್ತಿತ್ತು, ಪ್ರೊಸೆಸರಿನ ನಾಲ್ಕು ಕೋರ್‌ಗಳಲ್ಲಿ ಒಂದು ಮಾತ್ರ ಪೂರ್ತಿ ಬಸವಳಿಯುತ್ತಿತ್ತು. ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಆಟದ ರೆಸಲ್ಯೂಶನ್ ಇಳಿಸಿ ನೋಡುವುದು. 1920ಕ್ಕೆ 1080 ಅಂದರೆ ಪರದೆಯ ಮೇಲೆ 20,73,600 ಚುಕ್ಕೆಗಳು. ಸೆಕೆಂಡಿಗೆ 60 ಸಲ ಎಂದರೆ 12 ಕೋಟಿ 44 ಲಕ್ಷ ಚುಕ್ಕೆಗಳ ಬಣ್ಣವನ್ನು ಕಾರ್ಡು ತೀರ್ಮಾನಿಸಬೇಕು. ರೆಸಲ್ಯೂಶನ್ ಇಳಿಸಿದಾಗ ಆಟ ಹಗುರಾದರೆ ಭಾರ ಕಾರ್ಡಿನದು. ಇಳಿಸಿದರೂ ಹಾಗೇ ಉಳಿದರೆ ಭಾರ ಪ್ರೊಸೆಸರಿನದು, ಎಷ್ಟು ದೊಡ್ಡ ಕಾರ್ಡ್ ತಂದರೂ ಅದು ಹೋಗುವುದಿಲ್ಲ. ನಮ್ಮದು ಎರಡೂ ಇತ್ತು. ಹೆದ್ದಾರಿಯ ತೊಂದರೆ ಕಾರ್ಡಿನಿಂದ ತೀರುತ್ತದೆ, ಊರೊಳಗಿನದು ಪೂರ್ತಿ ತೀರುವುದಿಲ್ಲ. ಹೀಗೆ ಒಂದು ಭಾಗ ಉಳಿದವನ್ನು ತಡೆಯುವುದನ್ನು ಗೇಮ್ ಆಡುವ ಹುಡುಗರು ಬಾಟಲ್‌ನೆಕ್ ಅನ್ನುತ್ತಾರೆ.

ಅದೇ ದಿನಗಳಲ್ಲಿ ಗದ್ವಾಲಿಗೆ ಅಕ್ಕನ ಮನೆಗೆ ಹೋಗುವುದಿತ್ತು. ಅಕ್ಕನ ಮನೆಯ ಓಣಿಯಲ್ಲಿ ಮಗ್ಗದವರಿದ್ದಾರೆ. ಕೋಟೆ, ಕೋಟೆಯೊಳಗಿನ ಚೆನ್ನಕೇಶವ ಗುಡಿ ನೋಡಲು ಬಂದವರು ಸೀರೆ ಅಂಗಡಿಗೂ ಹೊಕ್ಕು ಹೋಗುತ್ತಾರೆ, ಮಗ್ಗದ ಮುಂದೆ ಕೂರುವವರು ಕಡಿಮೆ. ನನಗೆ ಕೂರುವುದು ಇಷ್ಟ. ಗದ್ವಾಲ್ ಸೀರೆಯ ಹೆಚ್ಚುಗಾರಿಕೆ ಏನೆಂದರೆ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯದು. ಎರಡು ಅಂಚಿಗೆ ಎರಡು ಲಾಳಿ, ನಡುವಿನ ಒಡಲಿಗೆ ಒಂದು ಲಾಳಿ. ಒಡಲಿನ ಎಳೆ ಅಂಚಿನ ಎಳೆಯನ್ನು ಪ್ರತಿ ಸಾಲಿನಲ್ಲೂ ಕೊಂಡಿ ಹಾಕಿಕೊಂಡು ಹಿಂದಿರುಗಬೇಕು. ಆ ಜೋಡಣೆಗೆ ಅವರು ಕುಟ್ಟು ಅನ್ನುತ್ತಾರೆ. ನೇಯುವ ಅಜ್ಜನನ್ನು ಕೇಳಿದೆ, ಅಂಚಿಗೆ ಇನ್ನೂ ಭಾರದ ರೇಷ್ಮೆ, ಇನ್ನೂ ಅಗಲದ ಜರಿ ಹಾಕಿದರೆ ಹೇಗೆ ಎಂದು. ಒಡಲು ತಾಳುವುದಿಲ್ಲ, ಸುಕ್ಕುಗಟ್ಟುತ್ತದೆ, ಎಳೆತ ಎರಡಕ್ಕೂ ಹೊಂದಬೇಕು ಎಂದು ತೆಲುಗಿನಲ್ಲಿ ಹೇಳಿ ಮತ್ತೆ ಲಾಳಿ ತೂರಿದ. ನಮ್ಮ ಪೆಟ್ಟಿಗೆಯ ವಿಚಾರಕ್ಕೆ ಅಷ್ಟು ಚೆನ್ನಾಗಿ ಉತ್ತರ ಕೊಟ್ಟವರು ಇನ್ನೊಬ್ಬರಿಲ್ಲ. 2015ರ ನಾಲ್ಕು ಕೋರಿನ ಪ್ರೊಸೆಸರ್ ನಮ್ಮ ಹತ್ತಿಯ ಒಡಲು. ಅದಕ್ಕೆ ತಾಳುವ ರೇಷ್ಮೆ ಎಷ್ಟು ಎಂದು ಅಳೆಯಬೇಕೇ ಹೊರತು ಅಂಗಡಿಯಲ್ಲಿರುವ ಅತಿ ಭಾರದ್ದು ಯಾವುದೆಂದಲ್ಲ.

ಹಿಂದಿರುಗುವಾಗ ಜುರಾಲಾ ಮೇಲೆ ಬಸ್ಸು ನಿಧಾನವಾಯಿತು. ಹೊಳೆಗೆ ನೀರು ಬಂದು ಗೇಟು ಎತ್ತಿದ್ದರು; ಜನ ಇಳಿದು ನೋಡುತ್ತಿದ್ದರು. ಅಲ್ಲಿ ತಲಾ 39 ಮೆಗಾವ್ಯಾಟಿನ ಆರು ಯಂತ್ರಗಳಿವೆ, ಒಟ್ಟು 234 ಮೆಗಾವ್ಯಾಟ್. ಇಷ್ಟು ಕರೆಂಟ್ ಹುಟ್ಟುವ ಜಾಗದ ಪಕ್ಕದಲ್ಲೇ ಇದ್ದರೂ ಬೇಸಿಗೆಯ ಸಂಜೆ ನಮ್ಮ ಓಣಿಯಲ್ಲಿ ಬಲ್ಬು ಮಂಕಾಗಿ ಮತ್ತೆ ಬೆಳಗುತ್ತದೆ. ಅಪ್ಪ ಕಾರ್ಡಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆಯೂ ಇದೇ: “ಎಷ್ಟು ಕುಡೀತದ ಅದು?” ಡಿಪೋದಲ್ಲಿ ಕೆಎಂಪಿಎಲ್ ಅನ್ನುವುದು ದೊಡ್ಡ ಮಾತು, ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ. ಚೆನ್ನಾಗಿ ಉಳಿಸಿದ ಡ್ರೈವರುಗಳ ಹೆಸರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ಅಪ್ಪನ ಹೆಸರೂ ಇರುತ್ತಿತ್ತು. ಆ ಲೆಕ್ಕ ಅವನ ಮೈಯಲ್ಲಿ ಕೂತಿದೆ, ಅದು ಒಳ್ಳೆಯ ಪ್ರಶ್ನೆ ಕೂಡ. ಹಳೆಯ ಪೆಟ್ಟಿಗೆಯಲ್ಲಿ ಕಾರ್ಡಿಗಿಂತ ಮೊದಲು ನೋಡಬೇಕಾದದ್ದು ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್. ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಕೊಡಬಲ್ಲದ್ದು 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಎಳೆಯಬೇಕು: 6 ಪಿನ್ನಿಂದ ಇನ್ನೊಂದು 75, 8 ಪಿನ್ನಿಂದ 150. ನಮ್ಮ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿತ್ತು, ಕಂಪನಿಯ ಹೆಸರಿರಲಿಲ್ಲ. ಅಂಥದರ ಮೇಲಿನ ದೊಡ್ಡ ಅಂಕಿಯನ್ನು ನಂಬಬಾರದು. ಕಾರ್ಡಿಗೆ ಬೇಕಾದದ್ದು 12 ವೋಲ್ಟಿನ ಸಾಲು, ಅದರ ಮುಂದೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನು ನೋಡಬೇಕು. ಅದು ಕಡಿಮೆಯಿತ್ತು. ಆದ್ದರಿಂದ ಹೊಸ ಎಸ್‌ಎಂಪಿಎಸ್ ತರುವುದು, ಕಾರ್ಡು ಮಾತ್ರ 75 ವ್ಯಾಟಿನೊಳಗೇ ಇರುವುದು ಎಂದು ಗಟ್ಟಿ ಮಾಡಿದೆ. ಮೇ ತಿಂಗಳ ಮಕ್ತಲ್‌ನಲ್ಲಿ ಪೆಟ್ಟಿಗೆಯೊಳಗೆ ಕಡಿಮೆ ಬಿಸಿ ಹುಟ್ಟುವುದೇ ದೊಡ್ಡ ಪುಣ್ಯ.

75 ವ್ಯಾಟಿನೊಳಗೆ ಎಂದ ಕೂಡಲೇ ಹುಡುಕುವ ಜಾಗ ಕಿರಿದಾಯಿತು, ನನಗೆ ನೆಮ್ಮದಿಯೂ ಆಯಿತು. ರಾಯಚೂರಿನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಕೊಡುತ್ತೇನೆಂದರು. 8 ಜಿಬಿ ಮೆಮೊರಿ, ಕಡಿಮೆ ಬೆಲೆ. ಅದು 185 ವ್ಯಾಟ್ ಕೇಳುತ್ತದೆ. ಮೇಲಾಗಿ 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯಕ್ಕೆ ಗ್ರಾಫಿಕ್ಸ್ ಕಾರ್ಡಿನಿಂದ ಗಣಿಗಾರಿಕೆ ಮಾಡುವುದು ನಿಂತ ಮೇಲೆ, ಹಗಲು ರಾತ್ರಿ ದುಡಿದು ದಣಿದ ಇಂಥ ಕಾರ್ಡುಗಳು ಮಾರುಕಟ್ಟೆಗೆ ರಾಶಿ ಬಿದ್ದವು. ಜಿಟಿಎಕ್ಸ್ 1050 ಟಿಐ ಒಂದು ಕಾಲದಲ್ಲಿ ನಮ್ಮಂಥ ಪೆಟ್ಟಿಗೆಗಳ ದೇವರು, ಈಗಲೂ ಎಲ್ಲ ಕಡೆ ಸಿಗುತ್ತದೆ. ಆದರೆ ಆ ತಲೆಮಾರಿನ ಕಾರ್ಡುಗಳಿಗೂ ನಮ್ಮ 750 ಟಿಐನಂಥವಕ್ಕೂ ಎನ್ವಿಡಿಯಾ 2025ರ ಅಕ್ಟೋಬರಿಗೆ ಆಟಗಳ ಹೊಸ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಕೊಡುವುದನ್ನು ಮುಗಿಸಿತು. 2028ರವರೆಗೆ ಸುರಕ್ಷತೆಯ ತಿದ್ದುಪಡಿ ಮಾತ್ರ. ಎಎಂಡಿಯ ಆರ್‌ಎಕ್ಸ್ 6400 ಬರೀ 53 ವ್ಯಾಟಿನದು, ಚೊಕ್ಕ ಕಾರ್ಡು. ಆದರೆ ಅದು ಸ್ಲಾಟಿನ ನಾಲ್ಕೇ ದಾರಿ ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಆ ನಾಲ್ಕು ಸಾಕು. ನಮ್ಮದು ಪಿಸಿಐ ಎಕ್ಸ್‌ಪ್ರೆಸ್ 3.0 ಕಾಲದ್ದು, ಅಲ್ಲಿ ದಾರಿಯ ವೇಗ ಅರ್ಧ. 4 ಜಿಬಿ ಮೆಮೊರಿ ತುಂಬಿ ತುಳುಕಿದಾಗ ಆ ಅರ್ಧವೇ ಕಾಡುತ್ತದೆ. ಇಂಟೆಲ್‌ನ ಆರ್ಕ್ ಎ380 ನನಗೆ ಬಹಳ ಹಿಡಿಸಿತ್ತು. ಅದು ಚೆನ್ನಾಗಿ ಓಡಬೇಕಾದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇರಬೇಕು, ನಮ್ಮ ಹಳೆಯ ಬೋರ್ಡಿನಲ್ಲಿ ಅದಿಲ್ಲ.

ಉಳಿದದ್ದು ಆರ್‌ಟಿಎಕ್ಸ್ 3050, 6 ಜಿಬಿಯದು. 2024ರ ಫೆಬ್ರವರಿಯಲ್ಲಿ ಬಂದದ್ದು, 70 ವ್ಯಾಟ್, ಹೆಚ್ಚಿನ ಮಾದರಿಗಳಿಗೆ ಬೇರೆ ವೈರು ಬೇಡ. ನಮ್ಮ 750 ಟಿಐನಲ್ಲಿ 640 ಕೋರ್‌ಗಳಿದ್ದರೆ ಇದರಲ್ಲಿ 2304. ಇದೇ ಹೆಸರಿನ 8 ಜಿಬಿಯ ಅಣ್ಣ ಒಬ್ಬನಿದ್ದಾನೆ, 2022ರವನು, 130 ವ್ಯಾಟ್ ಕೇಳುವವನು. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡು ಮಾರುವುದು ಕೊಳ್ಳುವವನಿಗೆ ನ್ಯಾಯವಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. ಡಬ್ಬದ ಮೇಲಿನ ಜಿಬಿ ಓದದೆ ದುಡ್ಡು ಕೊಡಬಾರದು.

ಸಿಕಂದರಾಬಾದಿಗೆ ಹೊರಟದ್ದು ರೈಲಿನಲ್ಲಿ. ಮಕ್ತಲ್‌ನಿಂದ ಹೈದರಾಬಾದಿನ ಕಡೆ ರೈಲಿನಲ್ಲಿ ಹೋಗುವುದು ನಮ್ಮ ಊರಿನವರಿಗೆ ಇನ್ನೂ ಹೊಸ ಸಂತೋಷ. ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿಲೋಮೀಟರ್ ಮುಗಿದು, ಕಾಚಿಗೂಡ–ರಾಯಚೂರು ರೈಲಿಗೆ ಹಸಿರು ನಿಶಾನೆ ಸಿಕ್ಕದ್ದು 2023ರ ಅಕ್ಟೋಬರ್ 1ರಂದು. ನಾನು ಶಾಲೆಗೆ ಹೋಗುವಾಗ “ಬರ್ತದ, ಬರ್ತದ” ಎಂದು ಕೇಳಿದ ರೈಲು, ಅಪ್ಪ ನಿವೃತ್ತನಾದ ಮೇಲೆ ಬಂತು. ಬಸ್ಸಿನವನಾದರೂ ಅದು ಬಂದದ್ದಕ್ಕೆ ಅವನಿಗೆ ಖುಷಿಯೇ. ರೈಲಿನ ಸಪ್ಪಳ ಕೇಳಿಸಿದರೆ ಗಡಿಯಾರ ನೋಡಿ ಇವತ್ತು ತಡವೋ ಸರಿಯೋ ಹೇಳುತ್ತಾನೆ.

ಸಿಟಿಸಿಯ ಅಂಗಡಿಯಲ್ಲಿ ಕೂತಿದ್ದ ಹುಡುಗ ನನಗೆ ಬಹಳ ಮೆಚ್ಚುಗೆಯಾದ. ಕಾರ್ಡಿನ ಹೆಸರು ಹೇಳಿದ ಕೂಡಲೇ ಡಬ್ಬ ತೆಗೆಯಲಿಲ್ಲ. ಪ್ರೊಸೆಸರ್ ಯಾವುದು, ಪೆಟ್ಟಿಗೆ ಎಷ್ಟು ಉದ್ದ, ಮಾನಿಟರಿಗೆ ಯಾವ ಪಿನ್ ಎಂದು ಕೇಳಿದ. ಕೊನೆಯದನ್ನು ನಾವು ಯಾರೂ ಯೋಚಿಸುವುದಿಲ್ಲ. ಹಳೆಯ ಮಾನಿಟರುಗಳಲ್ಲಿ ವಿಜಿಎ, ಡಿವಿಐ ಇರುತ್ತವೆ. ಹೊಸ ಕಾರ್ಡುಗಳಲ್ಲಿ ಹೆಚ್ಚಾಗಿ ಎಚ್‌ಡಿಎಂಐ ಮತ್ತು ಡಿಸ್ಪ್ಲೇ ಪೋರ್ಟ್ ಮಾತ್ರ. ಡಿವಿಐ ಇದೆ ಎಂದೆ. ಎಚ್‌ಡಿಎಂಐಯಿಂದ ಡಿವಿಐಗೆ ಹೋಗುವ ಒಂದು ಸಾದಾ ಕೇಬಲ್ ತೆಗೆದುಕೊಟ್ಟ. ಅದಿಲ್ಲದೆ ಹಿಂದಿರುಗಿದ್ದರೆ ಕಾರ್ಡು ಡಬ್ಬದಲ್ಲೇ ಕೂತಿರುತ್ತಿತ್ತು. ರ‍್ಯಾಮ್ ಒಂದೇ ಪಟ್ಟಿಯಿದೆ ಎಂದು ತಿಳಿದು, ಅದೇ ಅಳತೆಯ ಇನ್ನೊಂದನ್ನು ಜೋಡಿಸಲು ಹೇಳಿದ್ದೂ ಅವನೇ. ಎರಡು ಪಟ್ಟಿಯಾದರೆ ಪ್ರೊಸೆಸರಿಗೆ ಮೆಮೊರಿಯ ಹಾದಿ ಎರಡಾಗುತ್ತದೆ, ನಮ್ಮ ಊರೊಳಗಿನ ತಡವರಿಕೆಗೆ ಅದೂ ಒಂದು ಮದ್ದು.

ಮನೆಯಲ್ಲಿ ಪೆಟ್ಟಿಗೆ ತೆರೆಯುವ ದಿನ ಎಲ್ಲರೂ ಸುತ್ತ ಕೂತರು. ನಮ್ಮ ಕಡೆ ಈ ಪೆಟ್ಟಿಗೆಗೇ ಸಿಪಿಯು ಅನ್ನುತ್ತಾರೆ, ಅವ್ವನೂ ಹಾಗೇ ಅನ್ನುತ್ತಾಳೆ. ಅವಳ ಹಳೆಯ ನಾರಾಯಣಪೇಟೆ ಸೀರೆಯೊಂದರ ತುಂಡು ಅದರ ಮೇಲಿನ ಹೊದಿಕೆ, ಚೌಕಳಿಯ ಕೆಂಪು ಹತ್ತಿ ತೊಳೆದೂ ತೊಳೆದೂ ಮೆತ್ತಗಾದದ್ದು. “ಅದು ತಣ್ಣಗಾದ ಮ್ಯಾಲೇ ಹೊಚ್ಚೋದು, ಬಿಸಿ ಇದ್ದಾಗ ಮುಚ್ಚಂಗಿಲ್ಲ,” ಎಂದು ನನಗೇ ಹೇಳಿಕೊಟ್ಟಳು. ಹೊದಿಕೆ ಇದ್ದರೂ ಕರಿಮಣ್ಣಿನ ಧೂಳು ಒಳಗೆ ಬೆರಳಷ್ಟು ಕೂತಿತ್ತು. ಬಣ್ಣದ ಬ್ರಷ್ಷಿನಿಂದ ಅವಳು ಫ್ಯಾನಿನ ಎಲೆಗಳನ್ನು ಒಂದೊಂದಾಗಿ ಒರೆಸಿದಳು. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಅದನ್ನು ಒರೆಸಿ ಹೊಸದು ಹಚ್ಚಿದೆ. ಇಷ್ಟು ಮಾಡಿ, ಹಳೆಯ ಕಾರ್ಡನ್ನೇ ಇಟ್ಟುಕೊಂಡು ಒಮ್ಮೆ ಓಡಿಸಿ ನೋಡಿದೆವು. ಫ್ಯಾನಿನ ಕೂಗು ತಗ್ಗಿತ್ತು, ಊರೊಳಗಿನ ತಡವರಿಕೆಯಲ್ಲೂ ಒಂದು ಪಾಲು ಇಳಿದಿತ್ತು. ಪ್ರೊಸೆಸರ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತಿತ್ತು. ಕಾರ್ಡಿಗೆ ಒಂದು ಪೈಸೆ ಹಾಕುವ ಮೊದಲು ಈ ಧೂಳು ತೆಗೆಯುವ ಕೆಲಸ ಆಗಬೇಕು, ಯಾರ ಮನೆಯಲ್ಲಾದರೂ ಸರಿ.

ಆಮೇಲೆ ಹಳೆಯ ಡ್ರೈವರ್ ಪೂರ್ತಿ ತೆಗೆದು, ಹೊಸ ಕಾರ್ಡು ಕೂರಿಸಿ, ಹೊಸ ಡ್ರೈವರ್ ಹಾಕಿದೆ. ಟೆಕ್ಸ್ಚರ್ ಮೇಲೇರಿಸಿದೆ. ಕನ್ನಡಿಯ ಗುಣಮಟ್ಟವನ್ನೂ ಏರಿಸಿದೆ. ಅಪ್ಪ ಕಾರ್ಡಿಫ್‌ನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿಕೊಂಡು, ಹೊರಗಿನಿಂದ ಕಾಣುವಂತೆ ಕ್ಯಾಮೆರಾ ತಿರುಗಿಸಲು ಹೇಳಿದ. ಬೋರ್ಡು ಓದಲು ಬರುತ್ತಿತ್ತು. ಎರಡೂ ಲಿಪಿಯಲ್ಲಿ. ಅವನು ದನಿ ಎತ್ತಿ ಕಂಡಕ್ಟರಿನ ಹಾಗೆ ಓದಿದ: “ನಾರಾಯಣಪೇಟ, ಮಕ್ತಲ್, ರಾಯಚೂರ್!” ಅವ್ವ ಅಡಿಗೆಮನೆಯಿಂದಲೇ, “ಗುಡೇಬಲ್ಲೂರು ನಿಲ್ಲಸ್ತೀರಿಲ್ಲೋ?” ಎಂದು ಕೇಳಿದಳು. ಅದು ಕೃಷ್ಣಾ ಕಡೆಯ ಊರು. ಅವರಿಬ್ಬರೂ ನಕ್ಕದ್ದನ್ನು ನಾನು ತಮ್ಮನಿಗೆ ಫೋನಿನಲ್ಲಿ ಕೇಳಿಸಿದೆ.

ಹೆದ್ದಾರಿಯಲ್ಲಿ ಈಗ ಬಸ್ಸು ನೀರಿನ ಹಾಗೆ ಹರಿಯುತ್ತದೆ. ದೊಡ್ಡ ಊರಿನ ನಟ್ಟನಡುವೆ, ವಾಹನ ತುಂಬಿದ ವೃತ್ತದಲ್ಲಿ, ಇನ್ನೂ ಒಮ್ಮೊಮ್ಮೆ ಕೊಂಚ ತಡೆಯುತ್ತದೆ. ಅದು ಪ್ರೊಸೆಸರಿನ ವಯಸ್ಸು. ಅಪ್ಪ ಅದನ್ನು ಒಪ್ಪಿಕೊಂಡು ವೃತ್ತದ ಮೊದಲೇ ವೇಗ ಇಳಿಸುತ್ತಾನೆ. 4060 ತಂದಿದ್ದರೂ ಆ ತಡೆ ಅಲ್ಲೇ ಇರುತ್ತಿತ್ತು. ಇನ್ನೊಂದು ವಿಷಯ ಉಳಿದಿದೆ: ವಿಂಡೋಸ್ 10ರ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ನಮ್ಮ ಆರನೇ ತಲೆಮಾರಿನ ಐ5 ಅನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಅಪ್ಪನ ಆಟ ಲಿನಕ್ಸಿನಲ್ಲೂ ಓಡುತ್ತದೆ. ಮುಂದಿನ ಸಲ ತಮ್ಮ ಬಂದಾಗ ಅದನ್ನು ಹಾಕಿಕೊಡುವುದಾಗಿ ಹೇಳಿದ್ದಾನೆ. ಇದ್ದ ಪೆಟ್ಟಿಗೆಯನ್ನು ಇನ್ನೂ ಕೆಲವು ವರ್ಷ ನಡೆಸುವುದು ಸಾಧ್ಯ, ನಡೆಸುವುದೇ ಸರಿ.

ತೆಗೆದಿಟ್ಟ 750 ಟಿಐ ಈಗ ಕೃಷ್ಣಾ ಮಂಡಲದ ನಮ್ಮ ಬಳಗದ ಒಬ್ಬ ಹುಡುಗಿಯ ಕಂಪ್ಯೂಟರಿನಲ್ಲಿದೆ. ಆಫೀಸಿನಿಂದ ಬಂದ ರೀಫರ್ಬಿಶ್ಡ್ ಪೆಟ್ಟಿಗೆ ಅವಳದು, ಅವಳು ಅದರಲ್ಲಿ ಚಿತ್ರ ಬರೆಯುತ್ತಾಳೆ, ಸಣ್ಣ ವಿಡಿಯೋ ಜೋಡಿಸುತ್ತಾಳೆ. 60 ವ್ಯಾಟಿನ ಕಾರ್ಡು, ಬೇರೆ ವೈರು ಕೇಳದು, ಹಳೆಯ ಮಾನಿಟರಿನ ಪಿನ್ನೂ ಅದರಲ್ಲಿದೆ. ಅಂಥ ಪೆಟ್ಟಿಗೆಗೆ ಸರಿಯಾಗಿ ಕೂರುತ್ತದೆ. ನೀವು ಹೊಸ ಕಾರ್ಡು ಹಾಕಿದ ದಿನ ಹಳೆಯದನ್ನು ಅದೇ ಡಬ್ಬದಲ್ಲಿಟ್ಟು ಅಟ್ಟಕ್ಕೆ ಎಸೆಯಬೇಡಿ. ಧೂಳು ಒರೆಸಿ, ಪೇಸ್ಟ್ ಹಚ್ಚಿ, ಗ್ರಾಫಿಕ್ಸ್ ಕಾರ್ಡೇ ಇಲ್ಲದೆ ಕೂತಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹುಡುಕಿ ಕೊಡಿ. ನಿಮ್ಮ ಓಣಿಯಲ್ಲೇ ಯಾರಾದರೂ ಇರುತ್ತಾರೆ.